ಕುಲಾಂತರಿ ಭತ್ತ ಜಿಗಿಹುಳುವನ್ನು ತಡೆಯುತ್ತದೆಯೇ?

ಮಾನ್ಯರೇ,

ಹುಳು ತಡೆಯುವ ಕುಲಾಂತರಿ ಭತ್ತ ಬಂದರೆ ಔಷಧಿ ಹೊಡೆಯುವ ಖರ್ಚೇ ಉಳಿಯುತ್ತದೆ ಎಂಬ ಮಾತು ನಮ್ಮ ಕಡೆ ಗೊಬ್ಬರದ ಅಂಗಡಿಗಳಲ್ಲಿ ಕೇಳಿಬರುತ್ತಿದೆ. ನಾನು ಮಲೇಬೆನ್ನೂರಿನ ಹತ್ತಿರ ಭದ್ರಾ ನಾಲೆ ನೀರಿನಲ್ಲಿ ಮೂರು ಎಕರೆ ಭತ್ತ ಬೆಳೆಯುವವನು. ವಿಜ್ಞಾನ ಬೇಡ ಎನ್ನುವವನಲ್ಲ. ಆದರೆ ಆ ಭತ್ತ ಯಾವ ಹುಳುವನ್ನು ತಡೆಯುತ್ತದೆ, ನಮ್ಮನ್ನು ಮುಳುಗಿಸುತ್ತಿರುವ ಹುಳು ಯಾವುದು ಎಂದು ಮೊದಲು ಕೇಳಬೇಕು ಅಲ್ವಾ?

ಬಿಟಿ ಭತ್ತ ಎಂದು ಕರೆಯುವ ಈ ಕುಲಾಂತರಿ ಭತ್ತದಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿರುತ್ತಾರೆ. ಅದರಿಂದ ಗಿಡವೇ ಒಂದು ಪ್ರೋಟೀನ್ ತಯಾರಿಸುತ್ತದೆ. ಕಾಂಡಕೊರಕ, ಎಲೆ ಸುರುಳಿ ಹುಳು ಗಿಡವನ್ನು ತಿಂದರೆ ಕರುಳು ತೂತಾಗಿ ಸಾಯುತ್ತವೆ. ಸುಳಿ ಒಣಗುವುದು, ಬಿಳಿ ತೆನೆ ಬರುವುದು ಕಡಿಮೆಯಾಗುತ್ತದೆ. ಇದು ನಿಜವಾದ ಲಾಭ. ಆದರೆ ಕಂದು ಜಿಗಿಹುಳು ಬುಡದಲ್ಲಿ ಕೂತು ರಸ ಹೀರುತ್ತದೆ. ಅದಕ್ಕೆ ಈ ಪ್ರೋಟೀನ್ ಏನೂ ಮಾಡುವುದಿಲ್ಲ.

ಒಂದು ಬೇಸಿಗೆ ಬೆಳೆಯಲ್ಲಿ ನಾಟಿ ಮಾಡಿ ತಿಂಗಳಾಗುವಷ್ಟರಲ್ಲಿ ಎಲೆ ಸುರುಳಿ ಕಂಡಿತು. ಅಂಗಡಿಯವರು ಕೊಟ್ಟ ಪೈರೆಥ್ರಾಯ್ಡ್ ಔಷಧಿಯನ್ನು ಎರಡು ಸಲ ಹೊಡೆದೆ. ಎಲೆ ಹಸಿರಾಯಿತು, ಸಮಾಧಾನವಾಯಿತು. ಕಾಳು ಕಟ್ಟುವ ಹೊತ್ತಿಗೆ ಗದ್ದೆ ನಡುವೆ ಗುಂಡಗೆ ಬೆಂಕಿ ಬಿದ್ದ ಹಾಗೆ ಪೈರು ಒಣಗಿತು. ಅರ್ಧ ಎಕರೆಗೂ ಜಾಸ್ತಿ ಜೊಳ್ಳು. ಅದು ಜಿಗಿಹುಳುವಿನ ಕೆಲಸ. ಅದನ್ನು ತಿಂದು ಹಿಡಿತದಲ್ಲಿಡುವ ಜೇಡ, ಗದ್ದೆಯ ಮಿತ್ರ ತಿಗಣೆಗಳನ್ನು ಆ ಔಷಧಿಯಿಂದ ನಾನೇ ಕೊಂದಿದ್ದೆ ಎಂದು ಆಮೇಲೆ ಗೊತ್ತಾಯಿತು. ಬಿಟಿಯಿಂದ ಈ ಮೊದಲ ಸಿಂಪಡಣೆ ತಪ್ಪಿದರೆ ಜೇಡಗಳು ಉಳಿಯಬಹುದು, ಅದನ್ನು ಒಪ್ಪುತ್ತೇನೆ. ಆದರೆ ಯೂರಿಯಾ ಹಿಡಿತದಲ್ಲಿಟ್ಟು, ಎರಡು ಮೀಟರಿಗೊಂದು ಅಡಿ ದಾರಿ ಬಿಟ್ಟು ನಾಟಿ ಮಾಡಿ, ಆಗಾಗ ನೀರು ಬಸಿದರೆ ಜಿಗಿಹುಳು ಕಡಿಮೆಯಾಗುತ್ತದೆ. ಸಸಿ ಕಿತ್ತಾಗ ಎಲೆ ತುದಿ ಚಿವುಟಿದರೆ ಕಾಂಡಕೊರಕದ ಮೊಟ್ಟೆಯೂ ಹೋಗುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಇನ್ನೊಂದು ಭಯ ಹತ್ತಿಯಿಂದ ಬಂದದ್ದು. 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕ ನಿಜವಾಗಿಯೂ ಹಿಮ್ಮೆಟ್ಟಿತು. ಆಮೇಲೆ ಗುಲಾಬಿ ಕಾಯಿಕೊರಕ ಪ್ರೋಟೀನಿಗೆ ಒಗ್ಗಿಕೊಂಡಿತು. ಅದಕ್ಕೆ ಹತ್ತಿ ಬಿಟ್ಟರೆ ಬೇರೆ ಊಟ ಕಡಿಮೆ. ಒಗ್ಗದ ಹುಳುಗಳೂ ಉಳಿದು ಒಗ್ಗಿದವುಗಳ ಜೊತೆ ಕೂಡಲಿ, ಒಗ್ಗುವುದು ನಿಧಾನವಾಗಲಿ ಎಂದು ಬೀಜದ ಜೊತೆ ಸಾಮಾನ್ಯ ಹತ್ತಿಯ ಚಿಕ್ಕ ಪ್ಯಾಕೆಟ್ ಕೊಡುತ್ತಿದ್ದರು. ಎಷ್ಟೋ ಜನ ಅದನ್ನು ಬಿತ್ತಲೇ ಇಲ್ಲ. ಭತ್ತದ ಹಳದಿ ಕಾಂಡಕೊರಕವೂ ಹಾಗೇ, ಬದುಕುವುದು ಭತ್ತದ ಮೇಲೇ. ನಾಲೆಯುದ್ದಕ್ಕೂ ಎಲ್ಲರೂ ಒಂದೇ ಬಿಟಿ ತಳಿ ಹಾಕಿದರೆ ಆ ತಳಿ ಎಷ್ಟು ದಿನ ನಿಂತೀತು? ಮೂರು ಎಕರೆಯವನು ಅರ್ಧ ಎಕರೆಯನ್ನು ಹುಳುವಿಗೆ ಬಿಡುತ್ತಾನೆಯೇ?

ಒಂದು ಗೊಂದಲವನ್ನೂ ತಿಳಿಸಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಎರಡು ಹೊಸ ಭತ್ತದ ತಳಿಗಳು ಜೀನ್ ತಿದ್ದಿದವು, ಹೊರಗಿನ ಜೀನ್ ಸೇರಿಸಿದವಲ್ಲ. ಹುಳುವಿಗಾಗಿ ಮಾಡಿದವೂ ಅಲ್ಲ. ಬಿಟಿ ಭತ್ತ ಬೆಳೆಯಲು ನಮ್ಮಲ್ಲಿ ಅನುಮತಿ ಸಿಕ್ಕಿಲ್ಲ. ಚೀನಾ ಕೂಡ 2009ರಲ್ಲಿ ಎರಡು ಬಿಟಿ ತಳಿಗಳಿಗೆ ಸುರಕ್ಷತಾ ಪ್ರಮಾಣಪತ್ರ ಕೊಟ್ಟರೂ ರೈತರ ಗದ್ದೆಗೆ ಬಿಡಲಿಲ್ಲ.

2010ರಲ್ಲಿ ಬಿಟಿ ಬದನೆ ಬಗ್ಗೆ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ಮಾಡಿದರು. ನಮ್ಮ ರಾಜ್ಯದ ಸಭೆ ನಡೆದದ್ದು ಬೆಂಗಳೂರಿನಲ್ಲಿ. ಭತ್ತದ ಸರದಿ ಬಂದರೆ ಸಭೆಯನ್ನು ದಾವಣಗೆರೆಯಲ್ಲೇ ಇಡಬೇಕು. ಅದಕ್ಕೂ ಮೊದಲು ಜಿಗಿಹುಳು ಇರುವ ಗದ್ದೆಯಲ್ಲಿ ಏನಾಗುತ್ತದೆ ಎಂದು ಕತ್ತಲಗೆರೆ ಸಂಶೋಧನಾ ಕೇಂದ್ರದಂಥ ಕಡೆ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಕೊಡಬೇಕು. ನಾಟಿ, ಕೊಯ್ಲಿನ ದಿನ ಬಿಟ್ಟು ಕರೆದರೆ ನಾವು ಖಂಡಿತ ಬರುತ್ತೇವೆ.

– ಭತ್ತ ಬೆಳೆಗಾರ, ಹರಿಹರ ತಾಲ್ಲೂಕು