ಬೈದಿದ್ದಕ್ಕೆ ಕೊರಗಬೇಡ, ಇನ್ನು ಮುಂದೆ ಕೇಳು

ತಿಪಟೂರು
ಭಾನುವಾರ

ಚಿ. ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊನ್ನೆ ರಾತ್ರಿ ನಿನ್ನ ಹೆಂಡತಿ ಊಟ ಬಿಟ್ಟಿದ್ದನ್ನು ಹೇಳುತ್ತಾ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. "ಎರಡು ಗಂಟೆ ನಿಂತು ಮುದ್ದೆ, ಬಸ್ಸಾರು ಮಾಡಿದೆ ಮಾವ. ಮುಟ್ಟಲೂ ಇಲ್ಲ. ಬೈದುಬಿಟ್ಟೆ" ಅಂದೆ. ಆ ಹೊತ್ತಿಗೆ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಈ ಕಾಗದ.

ನಾನೂ ಬೈದವನೇ ಕಣೋ. 2011ರಲ್ಲಿ ನಿಮ್ಮತ್ತೆಗೆ ಇದೇ ಸ್ತನದ ಕ್ಯಾನ್ಸರ್. 21 ದಿನಕ್ಕೊಂದರಂತೆ ಆರು ಕೀಮೋ. ತಟ್ಟೆ ಮುಂದೆ ಕೂತು ಇನ್ನೊಂದು ತುತ್ತು, ಇನ್ನೊಂದೇ ತುತ್ತು ಅಂತ ಪ್ರಾಣ ತಿನ್ನುತ್ತಿದ್ದೆ. ಒಂದು ದಿನ ಅವಳು ತಟ್ಟೆ ಪಕ್ಕಕ್ಕೆ ಸರಿಸಿ, "ರೀ, ಆಸ್ಪತ್ರೇಲಿ ನರ್ಸ್ ಕೂಡ ಇಷ್ಟು ಗದರಲ್ಲ" ಅಂದಳು. ಅವತ್ತು ಗೊತ್ತಾಯಿತು, ನಾನು ಗಂಡನ ಕೆಲಸ ಬಿಟ್ಟು ವಾರ್ಡ್ ಕಾಯುವ ಕೆಲಸ ಹಿಡಿದಿದ್ದೇನೆ ಅಂತ.

ನಿನ್ನ ಹೆಂಡತಿ ಹಟ ಮಾಡುತ್ತಿಲ್ಲ, ಪುಟ್ಟ. ಕೀಮೋ ಆದಮೇಲೆ ಬಾಯಿ ರುಚಿಯೇ ಕೆಟ್ಟುಹೋಗುತ್ತದೆ, ಕಬ್ಬಿಣ ನೆಕ್ಕಿದ ಹಾಗೆ. ಮೂಗೋ ನಾಯಿ ಮೂಗು. ನಮ್ಮ ಮನೆಯಲ್ಲಿ ಸಾಸಿವೆ ಸಿಡಿದರೆ ಸಾಕು, ನಿಮ್ಮತ್ತೆ ಬಚ್ಚಲಿಗೆ ಓಡುತ್ತಿದ್ದಳು. ನಲವತ್ತು ವರ್ಷ ತಾನೇ ಹಾಕಿದ ಒಗ್ಗರಣೆ! ಆಮೇಲೆ ಅವಳು ಜಗಲಿಯಲ್ಲಿ ಕೂತಾಗ ಅಡುಗೆಮನೆ ಬಾಗಿಲು ಹಾಕಿಕೊಂಡು ಬೇಯಿಸಲು ಕಲಿತೆ. ಬಿಸಿ ಬಿಸಿ ಬಡಿಸಿದರೆ ವಾಸನೆ ಜಾಸ್ತಿ. ಚೆನ್ನಾಗಿ ಆರಿದ ರಾಗಿ ಅಂಬಲಿ, ಖಾರವಿಲ್ಲದ ಮಜ್ಜಿಗೆ ಅನ್ನ, ಮೆತ್ತಗಿನ ಇಡ್ಲಿ, ಇಷ್ಟೇ ಇಳಿಯುತ್ತಿದ್ದದ್ದು. ಅದೂ ಎರಡು ಗಂಟೆಗೊಮ್ಮೆ ಅರ್ಧ ಲೋಟ, ಒಂದು ಹಿಡಿ. ಸ್ಟೀಲ್ ಚಮಚ ತೆಗೆದು ಮರದ್ದು ಕೊಟ್ಟೆ, ಅದೂ ಒಂಚೂರು ಉಪಯೋಗಕ್ಕೆ ಬಂತು. ವಾಂತಿ ಮಾತ್ರೆ ವಾಂತಿ ಶುರುವಾದಮೇಲೆ ಕೊಡುವುದಲ್ಲ, ಚೀಟಿಯಲ್ಲಿ ಬರೆದ ಹೊತ್ತಿಗೇ ಕೊಡು. ಇವತ್ತು ಏನು ಸೇರುತ್ತೆ ಅಂತ ಅವಳನ್ನೇ ಕೇಳು. "ಏನೂ ಬೇಡ" ಅಂದರೆ ಸರಿ ಅನ್ನು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳು.

ಒಂದು ವಿಷಯದಲ್ಲಿ ಮಾತ್ರ ಅವಳ ಮಾತು ಕೇಳಬೇಡ. ಜ್ವರ. ಎರಡನೇ ಕೀಮೋ ಆಗಿ ಹತ್ತನೇ ದಿನ ರಾತ್ರಿ ನಿಮ್ಮತ್ತೆಗೆ ಮೈ ಸುಡುತ್ತಿತ್ತು. "ಈ ಹೊತ್ತಲ್ಲಿ ಯಾಕೆ ಹೊರಡೋದು, ಒಂದು ಮಾತ್ರೆ ಕೊಡಿ ಸಾಕು" ಅಂದಳು. ನಾನೂ ಪ್ಯಾರಾಸಿಟಮಾಲ್ ಕೊಟ್ಟು ಮಲಗಿದೆ. ಜ್ವರ ಇಳಿಯಿತು, ನಾನು ಗೊರಕೆ ಹೊಡೆದೆ. ಬೆಳಗ್ಗೆ ಎದ್ದು ನೋಡಿದರೆ ಅವಳಿಗೆ ಎದ್ದು ಕೂರುವ ಶಕ್ತಿ ಇಲ್ಲ. ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದಳು. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ ಅಷ್ಟೇ. ಥರ್ಮಾಮೀಟರ್ ತಂದಿಡು. 100.4 ಡಿಗ್ರಿ ತೋರಿಸಿತೋ, ಮಧ್ಯರಾತ್ರಿಯಾದರೂ ಸರಿ, ಮಾತ್ರೆ ಕೊಡದೆ ಡಾಕ್ಟರಿಗೆ ಫೋನ್ ಮಾಡಿ ಹೊರಡು. ಚೀಲ ಈಗಲೇ ತುಂಬಿಸಿ ಬಾಗಿಲ ಹಿಂದೆ ಇಡು. ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಹಸಿ ಕೋಸಂಬರಿ ಸದ್ಯಕ್ಕೆ ಬೇಡ. ನೆಗಡಿ ಇದ್ದವರು ಎಷ್ಟೇ ಹತ್ತಿರದ ನೆಂಟರಾದರೂ ಹೊಸಿಲು ದಾಟುವುದು ಬೇಡ.

ಅಕ್ಕ ನಿನ್ನ ಹೆಂಡತಿಯ ತಟ್ಟೆ ಲೋಟ ಬೇರೆ ಇಟ್ಟಿದ್ದಾಳಂತೆ. ಕ್ಯಾನ್ಸರ್ ಅಂಟುವ ರೋಗವಲ್ಲ, ನಾನೇ ಅಕ್ಕನಿಗೆ ಹೇಳುತ್ತೇನೆ. ನೀನು ನಿಮ್ಮಮ್ಮನ ಜೊತೆ ಜಗಳಕ್ಕೆ ನಿಲ್ಲಬೇಡ, ಮನೆಯಲ್ಲಿ ಅದೊಂದು ಕಮ್ಮಿ ಇರಲಿ. ಆದರೆ ಕೀಮೋ ಆದ ಎರಡು ದಿನ ಔಷಧ ಮೂತ್ರ, ವಾಂತಿಯಲ್ಲಿ ಹೊರಗೆ ಬರುತ್ತದೆ. ಅದನ್ನು ಒರೆಸುವಾಗ ಗ್ಲೌಸ್ ಹಾಕಿಕೋ, ಫ್ಲಶ್ ಎರಡು ಸಲ ಮಾಡಿ, ಕೊಳೆಯಾದ ಬಟ್ಟೆ ಬೇರೆ ಒಗೆ. ಇದೆಲ್ಲ ಔಷಧದ ಕಾರಣಕ್ಕೆ. ಕೆಂಪು ಔಷಧ ಹಾಕಿದ ದಿನ ಮೂತ್ರ ಕೆಂಪಗೆ ಬಂದರೆ ಗಾಬರಿ ಬೀಳಬೇಡ.

ಲಕ್ಷ್ಮಣಫಲದ ಎಲೆ ಕಷಾಯ, ಅಮೃತಬಳ್ಳಿ ರಸ ಅಂತ ಬೀದಿಗೊಬ್ಬ ವೈದ್ಯ ಬರುತ್ತಾನೆ. ಎಲ್ಲರಿಗೂ "ಆಯ್ತು" ಅನ್ನು, ಡಾಕ್ಟರನ್ನು ಕೇಳದೆ ಒಂದು ಚಮಚವನ್ನೂ ಕೊಡಬೇಡ. ಅಮೃತಬಳ್ಳಿಯಿಂದ ಕೆಲವರಿಗೆ ಲಿವರ್ ಕೆಟ್ಟಿದ್ದನ್ನು ವೈದ್ಯರೇ ಬರೆದಿದ್ದಾರೆ. ಕೀಮೋ ನಡೆಯುವಾಗ ಲಿವರ್‌ಗೆ ಇರುವ ಕೆಲಸವೇ ಸಾಕು.

ಕೂದಲಿನ ಮಾತು. ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ನಾನು ಬೆಳಗ್ಗೆ ಐದಕ್ಕೇ ಎದ್ದು ನಿಮ್ಮತ್ತೆಯ ದಿಂಬಿನ ಮೇಲಿನ ಕೂದಲು ಸದ್ದಿಲ್ಲದೆ ಆರಿಸಿ ಒಲೆಗೆ ಹಾಕುತ್ತಿದ್ದೆ. ಅವಳಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೆ, ಪೆದ್ದ. ನಾಲ್ಕನೇ ದಿನ ಕಣ್ಣು ಮುಚ್ಚಿಕೊಂಡೇ, "ಕದ್ದು ಆರಿಸೋದು ಬಿಡಿ, ಕತ್ತರಿ ತನ್ನಿ" ಅಂದಳು. ಹಿತ್ತಲಲ್ಲಿ ತೆಂಗಿನ ಮರದ ಕೆಳಗೆ ಸ್ಟೂಲ್ ಹಾಕಿ ನಾನೇ ಕತ್ತರಿಸಿದೆ. ಕೈ ನಡುಗುತ್ತಿತ್ತು. ಮುಗಿದ ಮೇಲೆ ಅವಳು ನನ್ನ ಬೋಳು ತಲೆ ಸವರಿ, "ಈಗ ಜೋಡಿ ಸರಿಹೋಯ್ತು" ಅಂತ ನಕ್ಕಳು. ಕಾಯಿಲೆ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಿನ್ನ ಹೆಂಡತಿಗೆ ಕತ್ತರಿ ಬೇಕೋ, ಸ್ಕಾರ್ಫ್ ಬೇಕೋ, ಸುಮ್ನೆ ಬಿಟ್ಟರೆ ಸಾಕೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ, ಅಲ್ವಾ?

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಬರುವಾಗ ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೋ. ನಾಚಿಕೆ ಪಡಬೇಡ, ಅದು ಇರುವುದೇ ಇಂಥವರಿಗೆ.

ಬೈದಿದ್ದಕ್ಕೆ ಕ್ಷಮೆ ಕೇಳಿಬಿಡು, ಉದ್ದ ಭಾಷಣ ಬೇಡ. ನಿನಗೂ ಸಾಕಾಗಿದೆ ಅಂತ ಅವಳ ಹತ್ತಿರವೇ ಹೇಳು, ತಪ್ಪೇನಿಲ್ಲ. ನಾನು ಅದನ್ನು ಮುಚ್ಚಿಟ್ಟು ಮುಚ್ಚಿಟ್ಟೇ ಸಿಡುಕನಾದೆ.

ಬುಧವಾರದ ಕೀಮೋಗೆ ನಾನೂ ನಿಮ್ಮತ್ತೆಯೂ ಬರುತ್ತೇವೆ. ಎರಡು ದಿನ ಅಡುಗೆ ನಂದು, ನೀನು ನಿದ್ದೆ ಮಾಡು. ಎಳನೀರು ತರಲೋ, ಇನ್ನೇನಾದರೂ ಬೇಕೋ ಅವಳನ್ನು ಕೇಳಿ ಫೋನ್ ಮಾಡು. ನೀನೇ ಯೋಚಿಸಿ ಹೇಳಬೇಡ.

ಇಂತಿ,
ನಿನ್ನ ಮಾವ