ಮಗಳಿಗೊಂದು ಪತ್ರ: ಪುಟ್ಟಿಯ ಲಸಿಕೆಯ ವಿಚಾರ

ಮೂಡಿಗೆರೆ

ಚಿ|| ಸೌ|| ಸುಮಾಳಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಕೊಡಲಿಲ್ಲವೆಂದು ಬೇಸರಿಸಬೇಡ. ಮಗುವಿನ ವಿಷಯದಲ್ಲಿ ಅವಸರದಿಂದ ಬಾಯಿಗೆ ಬಂದದ್ದನ್ನು ಹೇಳುವುದು ನನಗೆ ಸರಿಕಾಣಲಿಲ್ಲ. ಪುಟ್ಟಿಗೆ ಮಲೇರಿಯಾ ಲಸಿಕೆ ಹಾಕಿಸಬೇಕೆಂದು ಘಾನಾದಲ್ಲಿ ನೀವಿರುವ ಕೇಪ್ ಕೋಸ್ಟಿನ ಆರೋಗ್ಯ ಕೇಂದ್ರದವರು ಹೇಳಿದ್ದಾರೆ, ಊರಿನಲ್ಲಿ ಯಾರಿಗೂ ಹಾಕಿಸಿದ್ದು ಕೇಳಿಲ್ಲ, ಹೊಸದಂತೆ, ಭಯವಾಗುತ್ತದೆ ಎಂದೆಯಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳಾಗಿ ನಾಲ್ಕು ದಿನ ಓದಿ, ಯೋಚಿಸಿ ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹಾಕಿಸು.

ನಮ್ಮ ಊರಿನಲ್ಲಿ ಈ ಲಸಿಕೆಯನ್ನು ಯಾರಿಗೂ ಹಾಕಿಸಿಲ್ಲ ನಿಜ, ಆದರೆ ಈ ರೋಗ ನಮ್ಮ ಊರಿಗೆ ಹೊಸದಲ್ಲ. ನನ್ನ ಅಜ್ಜಿ ಬೇಲೂರಿನ ಕಡೆಯ ಬಯಲಿನಿಂದ ಈ ಮನೆಗೆ ಮದುವೆಯಾಗಿ ಬರುವಾಗ ಅವಳ ತವರಿನವರು ಅತ್ತು ಕಳಿಸಿದ್ದರಂತೆ. ಗಂಡಿನ ಮನೆ ದೂರವೆಂದಲ್ಲ, ಮಲೆನಾಡಿನ ಚಳಿಜ್ವರಕ್ಕೆ ಹೆದರಿ. ಅವರ ಹೆದರಿಕೆ ಸುಳ್ಳಾಗಲಿಲ್ಲ. ಅಜ್ಜಿ ಹೆತ್ತ ಏಳು ಮಕ್ಕಳಲ್ಲಿ ಮೂವರು ಐದು ತುಂಬುವ ಮೊದಲೇ ಹೋದರು. ಹೊಟ್ಟೆಯ ಎಡಬದಿಯಲ್ಲಿ ಜ್ವರಗಡ್ಡೆ ಊದಿಕೊಂಡು, ಕೈಕಾಲು ಕಡ್ಡಿಯಾದ ಮಕ್ಕಳು ಆಗ ಮನೆಮನೆಯಲ್ಲೂ ಇದ್ದವೆಂದು ನಿನ್ನ ಅಜ್ಜಿ ಹೇಳುತ್ತಿದ್ದಳು. ಇಲ್ಲಿ ರೋಗ ಹರಡುತ್ತಿದ್ದ ಸೊಳ್ಳೆ ಕೊಳಚೆಯದಲ್ಲ, ನಾವು ಹೆಮ್ಮೆಯಿಂದ ತೋರಿಸುವ ಹಳ್ಳದ ತಿಳಿನೀರಿನಲ್ಲಿಯೇ ಮೊಟ್ಟೆಯಿಡುವಂಥದ್ದು.

ಆಮೇಲೆ ಡಿಡಿಟಿ ಬಂತು. ಕಚ್ಚಿದ ಸೊಳ್ಳೆ ರಕ್ತದ ಭಾರಕ್ಕೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆಯಾದ್ದರಿಂದ ಗೋಡೆಗೇ ಔಷಧಿ ಹೊಡೆಯುವುದು ಅದರ ಉಪಾಯ. 1953ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಆರಂಭವಾಗುವ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು. 1965ರ ವೇಳೆಗೆ ಅದು ಒಂದು ಲಕ್ಷ ಪ್ರಕರಣಗಳಿಗೆ ಇಳಿಯಿತು. ನಾನು ಚಿಕ್ಕವಳಿದ್ದಾಗ ‘ಮಲೇರಿಯಾದವರು’ ಹದಿನೈದು ದಿನಕ್ಕೊಮ್ಮೆ ಬಂದು ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿ, ಇದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು, ಬಂದ ತಾರೀಖನ್ನು ಗೋಡೆಯ ಮೇಲೆ ಬರೆದು ಹೋಗುತ್ತಿದ್ದರು. ಬೆರಳು ಚುಚ್ಚಿಸಿಕೊಳ್ಳುವ ಭಯಕ್ಕೆ ನಾನು ಅಡಿಕೆ ಚಪ್ಪರದ ಹಿಂದೆ ಅಡಗುತ್ತಿದ್ದೆ. ಮುಂದೆ ರೋಗ ಮತ್ತೆ ತಲೆಯೆತ್ತಿದ್ದೂ ಉಂಟು, ಆದರೆ ಅಜ್ಜಿ ಕಂಡ ಕಾಲ ನಮ್ಮ ಮನೆಗೆ ಮರಳಲಿಲ್ಲ.

ನೀನಿರುವ ಕಡೆ ಹಾಗಾಗಲಿಲ್ಲ. 1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ನಿರ್ಮೂಲನದ ಸಂಕಲ್ಪ ಮಾಡಿದಾಗ ಸಹಾರಾದ ದಕ್ಷಿಣದ ಆಫ್ರಿಕಾದ ಬಹುಭಾಗವನ್ನು ಯೋಜನೆಯಿಂದ ಹೊರಗಿಟ್ಟಿತು. ಅಲ್ಲಿ ಆಗದ ಕೆಲಸವೆಂಬುದು ಅವರ ಎಣಿಕೆ. 2023ರಲ್ಲಿಯೂ ಜಗತ್ತಿನಲ್ಲಿ ಸುಮಾರು 5,97,000 ಜನ ಮಲೇರಿಯಾದಿಂದ ಸತ್ತರೆಂದು ಅದೇ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು, ಎಂದರೆ ನಮ್ಮ ಪುಟ್ಟಿಯ ಓರಗೆಯವರು.

ಇನ್ನು ‘ಹೊಸದು’ ಎಂಬ ಮಾತು. ಆರ್‌ಟಿಎಸ್,ಎಸ್ ಎಂಬ ಆ ಲಸಿಕೆಯ ಕೆಲಸ ಶುರುವಾದದ್ದು 1987ರಲ್ಲಿ, ನೀನು ಇನ್ನೂ ಹುಟ್ಟಿರಲಿಲ್ಲ. ಏಳು ದೇಶಗಳ ಹದಿನೈದು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅದನ್ನು ಪರೀಕ್ಷಿಸಿದರು. 2019ರಿಂದ ಮಲಾವಿ, ಘಾನಾ ಮತ್ತು ಕೆನ್ಯಾದಲ್ಲಿ ಮಾಮೂಲಿ ಚುಚ್ಚುಮದ್ದುಗಳ ಜೊತೆಯಲ್ಲಿ ಕೊಟ್ಟು ನೋಡಿದರು. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದಂಥ ಮಲೇರಿಯಾ ಹೆಚ್ಚಿರುವ ಕಡೆಗಳ ಮಕ್ಕಳಿಗೆ ಶಿಫಾರಸು ಮಾಡಿತು. ಮೂವತ್ತನಾಲ್ಕು ವರ್ಷ! ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬಂದದ್ದನ್ನು ನೆನೆದರೆ, ಬಡವರ ಮಕ್ಕಳ ರೋಗವೆಂದೇ ಇದು ಇಷ್ಟು ತಡವಾಯಿತೇ ಎಂದು ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ, ಇನ್ನರ್ಧ ಇಲ್ಲ. ಮಲೇರಿಯಾ ತರುವುದು ವೈರಸ್ ಅಲ್ಲ, ಐದು ಸಾವಿರಕ್ಕೂ ಹೆಚ್ಚು ಜೀನ್‌ಗಳಿರುವ ಪರೋಪಜೀವಿ. ಸೊಳ್ಳೆಯ ಜೊಲ್ಲಿನಲ್ಲಿ ಒಂದು ವೇಷ, ಯಕೃತ್ತಿನಲ್ಲಿ ಇನ್ನೊಂದು, ರಕ್ತದಲ್ಲಿ ಮತ್ತೊಂದು. ಸೊಳ್ಳೆ ಕಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಅದು ಯಕೃತ್ತನ್ನು ಸೇರಿ ಅಡಗುವುದರಿಂದ, ಆ ಮೊದಲ ವೇಷದ ಮೈಮೇಲಿರುವ ಒಂದು ಪ್ರೋಟೀನನ್ನು ದೇಹಕ್ಕೆ ಮುಂಚಿತವಾಗಿ ಪರಿಚಯಿಸಿ, ದಾರಿಯಲ್ಲಿಯೇ ತಡೆಯುವಂತೆ ಕಲಿಸುವುದು ಈ ಲಸಿಕೆಯ ಕೆಲಸ.

ಓದುವಾಗ ನನಗೆ ಖುಷಿಕೊಟ್ಟ ಒಂದು ಸಂಗತಿಯಿದೆ. ಆ ಪಾಠ ದೇಹಕ್ಕೆ ಚೆನ್ನಾಗಿ ಹತ್ತಲೆಂದು ಲಸಿಕೆಗೆ ಸೇರಿಸುವ ಪದಾರ್ಥಗಳಲ್ಲಿ ಒಂದನ್ನು ಚಿಲಿ ದೇಶದ ಒಂದು ಮರದ ತೊಗಟೆಯಿಂದ ತೆಗೆಯುತ್ತಾರೆ. ನೀರಿಗೆ ಹಾಕಿ ಉಜ್ಜಿದರೆ ನೊರೆ ಬರುವ ತೊಗಟೆ ಅದು. ನಿನ್ನ ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದ ದಿನಗಳಲ್ಲಿ ಸೀಗೆಕಾಯಿ, ಅಂಟುವಾಳಕಾಯಿಗಳಲ್ಲಿ ನೊರೆ ಬರಿಸುತ್ತಿದ್ದದ್ದೂ ಇದೇ ಜಾತಿಯ ಸ್ಯಾಪೊನಿನ್. ಹಾಗೆಂದು ಪುಟ್ಟಿಗೆ ಸೀಗೆಪುಡಿ ಸಾಕೆಂದು ನಿನ್ನ ದೊಡ್ಡಮ್ಮ ಹೇಳಿದರೆ ಕೇಳಬೇಡ.

ನಿನ್ನಿಂದ ಒಂದನ್ನು ಮುಚ್ಚಿಡಲಾರೆ: ಈ ಲಸಿಕೆ ಪೂರ್ಣ ರಕ್ಷೆಯಲ್ಲ. ಮೊದಲ ವರ್ಷದಲ್ಲಿ ಮಲೇರಿಯಾ ಬರುವುದನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ, ಆಮೇಲೆ ಶಕ್ತಿ ಕುಂದುತ್ತದೆ. ಅದಕ್ಕೇ ನಾಲ್ಕು ಬಾರಿ ಹಾಕಿಸಬೇಕು, ಕೊನೆಯದು ಮಗುವಿಗೆ ಒಂದು ವರ್ಷ ದಾಟಿದ ಮೇಲೆ. ‘ಅರ್ಧ ರಕ್ಷೆಗೆ ಇಷ್ಟೆಲ್ಲ ಏಕೆ’ ಎಂದು ಅಳಿಯಂದಿರು ಕೇಳಿದರಂತೆ. ಮೂರು ದೇಶಗಳಲ್ಲಿ ಕೊಟ್ಟು ನೋಡಿದಾಗ ಲಸಿಕೆಯ ವಯಸ್ಸಿನ ಮಕ್ಕಳಲ್ಲಿ ಎಲ್ಲ ಕಾರಣಗಳಿಂದಾಗುವ ಸಾವೂ ಸೇರಿ ನೂರಕ್ಕೆ 13ರಷ್ಟು ಕಡಿಮೆಯಾಯಿತು. ಏಳರಲ್ಲಿ ಮೂವರನ್ನು ಕಳೆದುಕೊಂಡ ನನ್ನ ಅಜ್ಜಿಗೆ ಯಾರಾದರೂ ಅರ್ಧ ರಕ್ಷೆ ಕೊಡುತ್ತೇನೆಂದಿದ್ದರೆ ಅವಳು ಇನ್ನರ್ಧ ಎಲ್ಲಿ ಎಂದು ಕೇಳುತ್ತಿರಲಿಲ್ಲ. 2023ರಲ್ಲಿ ಆರ್21 ಎಂಬ ಎರಡನೆಯ ಲಸಿಕೆಗೂ ಒಪ್ಪಿಗೆ ಸಿಕ್ಕಿತು; ಅದನ್ನು ರೂಪಿಸಿದವರು ಆಕ್ಸ್‌ಫರ್ಡಿನವರು, ತಯಾರಿಸುವವರು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನವರು. ಅಗ್ಗದ್ದಾದ್ದರಿಂದ ಇನ್ನೂ ಹೆಚ್ಚು ದೇಶಗಳಿಗೆ ಮುಟ್ಟುತ್ತಿದೆ.

ಲಸಿಕೆ ಹಾಕಿಸಿದೆವೆಂದು ಸೊಳ್ಳೆಪರದೆ ಬಿಡಬೇಡ. ಜ್ವರ ಬಂದರೆ ಕಷಾಯ ಮಾಡುತ್ತ ಕೂರದೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸು. ಕಷಾಯವೆಂದಾಗ ನೆನಪಾಯಿತು: ಈಗ ಕೊಡುವ ಆರ್ಟಿಮಿಸಿನಿನ್ ಜಾತಿಯ ಮಾತ್ರೆಗಳೂ ಒಂದು ಗಿಡಮೂಲಿಕೆಯಿಂದಲೇ ಬಂದವು. ಚೀನಾದ ತೂ ಯೂಯೂ ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ತಿರುವಿ ಆ ಗಿಡವನ್ನು ಹಿಡಿದಳು. ಆದರೆ ಸಾರ ತೆಗೆದಾಗ ಒಮ್ಮೆ ಗುಣ ಕಂಡರೆ ಇನ್ನೊಮ್ಮೆ ಕಾಣುತ್ತಿರಲಿಲ್ಲ. ಸುಮಾರು 1,600 ವರ್ಷ ಹಿಂದಿನ ಗ್ರಂಥವೊಂದನ್ನು ಮತ್ತೆ ಓದುವಾಗ, ಅದರಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಲು ಹೇಳಿದೆಯೇ ಹೊರತು ಕುದಿಸಲು ಹೇಳಿಲ್ಲವೆಂದು ಅವಳಿಗೆ ಹೊಳೆಯಿತು. ಕಾಯಿಸಿದರೆ ಗುಣ ಕೆಡುತ್ತದೆಂದು ಊಹಿಸಿ, ಕಡಿಮೆ ಬಿಸಿಗೇ ಕುದಿಯುವ ಈಥರ್ ಬಳಸಿ 1971ರಲ್ಲಿ ಸಾರ ತೆಗೆದಳು. ರೋಗಿಗಳಿಗೆ ಕೊಡುವ ಮೊದಲು ತಾನೇ ಕುಡಿದು ನೋಡಿದಳು. ಡಾಕ್ಟರೇಟ್ ಇಲ್ಲದ ಅವಳಿಗೆ 2015ರಲ್ಲಿ ನೊಬೆಲ್ ಬಂತು. ಯಾವ ಸೊಪ್ಪು ಕೈಗೆ ಸಿಕ್ಕರೂ ಪಾತ್ರೆಗೆ ಹಾಕಿ ಕುದಿಸುವ ನನ್ನಂಥವಳಿಗೆ ಆ ಗುಣ ಎಂದಿಗೂ ಸಿಗುತ್ತಿರಲಿಲ್ಲ.

ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ ಬರಬಹುದು. ಜ್ವರ ಏರಿದರೆ ಕೆಲವು ಮಕ್ಕಳಿಗೆ ಅಪರೂಪಕ್ಕೆ ಫಿಟ್ಸ್ ಬರುವುದೂ ಉಂಟಂತೆ, ಹಾಗಾಗಿ ಏನು ಕೊಡಬೇಕೆಂದು ಅಲ್ಲಿನ ನರ್ಸಮ್ಮನನ್ನು ಕೇಳಿಟ್ಟುಕೊಂಡು ವಾರವಿಡೀ ಕಣ್ಣಿಟ್ಟಿರು.

ಹಳೆಯ ಮನೆಗೆ ಈ ಬೇಸಿಗೆಯಲ್ಲಿ ಸುಣ್ಣ ಬಳಿಸಬೇಕೆಂದು ನಿನ್ನಪ್ಪ ಹೇಳುತ್ತಿದ್ದಾರೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಮಲೇರಿಯಾದವರ ತಾರೀಖುಗಳು ಎರಡು ಮೂರು ಇನ್ನೂ ಉಳಿದಿವೆ, ಅಷ್ಟು ಜಾಗ ಬಿಟ್ಟು ಬಳಿಯಲು ಹೇಳಿದ್ದೇನೆ. ಪುಟ್ಟಿಗೆ ಮೊದಲ ಚುಚ್ಚುಮದ್ದು ಆದ ದಿನ ಕಾರ್ಡಿನಲ್ಲಿ ತಾರೀಖು ಬರೆಸಿಕೊಂಡು, ಅದರ ಫೋಟೊ ಕಳಿಸು.

ಇಂತಿ ನಿನ್ನ
ಅಮ್ಮ