ಐದನೇ ಬೋರಿನ ರಾತ್ರಿ: ಕಥೆ ಬರೆಯುವ ತಮ್ಮನಿಗೆ ಒಂದು ಪತ್ರ

ಕೋಲಾರ
ಸೋಮವಾರ ಬೆಳಗ್ಗೆ

ಪ್ರೀತಿಯ ತಮ್ಮ,

ನಿನ್ನ ಕಥೆ ಬಂದು ಹದಿನೈದು ದಿನ ಆಯಿತು. ಕಣ್ಣಿನ ಆಪರೇಷನ್ ಆಗಿತ್ತು, ಅದಕ್ಕೇ ತಡ. ಬೇರೇನೂ ಅಂದುಕೊಳ್ಳಬೇಡ. ಎರಡು ಸಲ ಓದಿದೆ. ಎರಡು ಸಲವೂ ಮೂರನೇ ಪುಟದ ಒಂದೇ ಸಾಲಿನ ಹತ್ತಿರ ನಿಂತುಬಿಟ್ಟೆ. ‘ನಾಲ್ಕನೇ ಬೋರೂ ಫೇಲಾದ ಮೇಲೆ ಅವನು ತೀವ್ರ ಖಿನ್ನತೆಗೆ ಒಳಗಾದನು.’ ಅಲ್ಲಿಯವರೆಗೆ ಆ ಮನುಷ್ಯ ನನ್ನ ಕಣ್ಣೆದುರಿಗೇ ಇದ್ದ. ಬೀಡಿ ಸೇದುತ್ತಿದ್ದ, ಸೀಮೆ ಹಸುವಿನ ಮೈ ತೊಳೆಯುತ್ತಿದ್ದ. ಈ ಸಾಲು ಬಂತು ನೋಡು, ಮನುಷ್ಯ ಎದ್ದು ಹೋದ. ಅವನು ಕೂತಿದ್ದ ಜಾಗದಲ್ಲಿ ಒಂದು ಆಸ್ಪತ್ರೆ ಚೀಟಿ ಉಳಿಯಿತು.

ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದೇನೆ, ಅದನ್ನು ಕಥೆಗೆ ಬಳಸಬೇಕು ಅಂತ ಬರೆದಿದ್ದೀಯ. ಬಳಸಪ್ಪ, ಬೇಡ ಅಂದವರು ಯಾರು? ನನಗೂ ಅದರ ಹುಚ್ಚಿದೆ. ಕಾಲೇಜಲ್ಲಿ ಓದಿದ್ದಲ್ಲ, ಲೈಬ್ರರಿಯಲ್ಲಿ ಕೂತು ಓದಿದ್ದು. ಆದರೆ ನೀನು ಆ ಶಾಸ್ತ್ರದಿಂದ ಬರೀ ಹೆಸರುಗಳನ್ನು ಎತ್ತಿಕೊಂಡು ಬಂದಿದ್ದೀಯ. ಅದು ಕೇಳುವ ಪ್ರಶ್ನೆಗಳನ್ನು ಅಲ್ಲೇ ಬಿಟ್ಟು ಬಂದಿದ್ದೀಯ. ನನ್ನ ತಕರಾರು ಇಷ್ಟೇ.

1884ರಲ್ಲಿ ವಿಲಿಯಂ ಜೇಮ್ಸ್ ಅನ್ನುವ ಅಮೆರಿಕದ ಪ್ರೊಫೆಸರ್ ಒಬ್ಬರು ಒಂದು ಲೇಖನ ಬರೆದರು. ಭಯವಾಗುತ್ತದೆ, ಅದಕ್ಕೇ ನಡುಗುತ್ತೇವೆ ಅಂತ ತಾನೇ ನಾವು ಅಂದುಕೊಂಡಿರುವುದು? ಅವರು ಅದನ್ನು ತಿರುಗಿಸಿದರು. ಮೊದಲು ಮೈ ನಡುಗುತ್ತದೆ, ಆ ನಡುಕ ಅರಿವಿಗೆ ಬಂದದ್ದೇ ಭಯ ಅಂದರು. ಆ ವಾದ ಪೂರ್ತಿಯಾಗಿ ನಿಲ್ಲಲಿಲ್ಲ. ಸಿಟ್ಟಲ್ಲೂ ಎದೆ ಬಡಿದುಕೊಳ್ಳುತ್ತದೆ, ಓಡಿ ಬಸ್ಸು ಹಿಡಿದಾಗಲೂ ಬಡಿದುಕೊಳ್ಳುತ್ತದೆ ಅಲ್ವಾ? 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಅನ್ನುವ ಇಬ್ಬರು ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡಿದರು. ಮೈ ಬಿಸಿಯಾದರೆ ಸಾಲದು, ಸುತ್ತ ಏನು ನಡೆಯುತ್ತಿದೆ ಅಂತ ನೋಡಿಕೊಂಡು ಮನಸ್ಸು ಅದಕ್ಕೆ ಸಿಟ್ಟು ಅಂತಲೋ ಖುಷಿ ಅಂತಲೋ ಹೆಸರಿಡುತ್ತದೆ ಅಂದರು. ಅದರ ಮೇಲೂ ತಕರಾರು ಬಂತು. ವಿಜ್ಞಾನ ಅಂದರೆ ಹಾಗೇ, ಮುಗಿಯದ ಪಂಚಾಯ್ತಿ.

ಆದರೆ ಮೈಗೂ ಭಾವನೆಗೂ ನಂಟಿದೆ ಅನ್ನುವ ಮಾತು ಉಳಿದುಕೊಂಡಿತು. 2014ರಲ್ಲಿ ಫಿನ್‌ಲೆಂಡಿನವರು ಅಲ್ಲಿಯ, ಸ್ವೀಡನ್ನಿನ ಮತ್ತು ತೈವಾನಿನ 701 ಜನರಿಗೆ ಕಂಪ್ಯೂಟರಿನಲ್ಲಿ ಮನುಷ್ಯಾಕಾರದ ಚಿತ್ರ ತೋರಿಸಿ, ಯಾವ ಭಾವನೆ ಮೈಯ ಯಾವ ಭಾಗದಲ್ಲಿ ಗೊತ್ತಾಗುತ್ತದೆ, ಬಣ್ಣ ಹಚ್ಚಿ ಅಂದರು. ಸಿಟ್ಟು ಬಂದಾಗ ಎದೆ, ತಲೆ, ತೋಳುಗಳಿಗೆ ಬಣ್ಣ ಏರಿತು. ದುಃಖದಲ್ಲಿ ಕೈಕಾಲುಗಳಿಂದ ಕಸುವು ಇಳಿಯಿತು. ಊರು, ಭಾಷೆ ಬೇರೆಯಾದರೂ ಚಿತ್ರಗಳು ಹೆಚ್ಚು ಕಡಿಮೆ ಒಂದೇ ಥರ ಬಂದವು.

ಇದನ್ನು ಓದಿ ನನಗೆ ನಗು ಬಂತು. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಅಷ್ಟು ಶ್ರಮವಾದರೂ ಉಳಿಯುತ್ತಿತ್ತು. ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ ಅನ್ನುತ್ತದೆ, ಎದೆ ಝಲ್ ಅನ್ನುತ್ತದೆ, ಗಂಟಲು ಕಟ್ಟುತ್ತದೆ, ಕೈಕಾಲು ಆಡುವುದಿಲ್ಲ. ನಮ್ಮ ಕಡೆ ಹೆಂಗಸರು ಡಾಕ್ಟರ ಮುಂದೆ ಕೂತು ‘ನನಗೆ ದುಃಖ’ ಅನ್ನುವುದಿಲ್ಲ. ‘ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ ಸಾರ್, ತಲೆಯೆಲ್ಲಾ ಜುಮ್ ಅನ್ನುತ್ತೆ’ ಅನ್ನುತ್ತಾರೆ. ಇಷ್ಟೆಲ್ಲಾ ಮನೆಯಲ್ಲೇ ಇಟ್ಟುಕೊಂಡು ನೀನು ‘ಖಿನ್ನತೆ’ಯನ್ನು ಕಡ ತಂದೆ.

ಈಗ ಬೋರಿನ ವಿಷಯ. ಇದು ನನ್ನ ಮನೆಯದೇ.

ನಮ್ಮ ದೊಡ್ಡಪ್ಪ ಶ್ರೀನಿವಾಸಪುರದ ಕಡೆ ನಾಲ್ಕು ಬೋರು ಹಾಕಿಸಿ ಸೋತಿದ್ದರು. ಐದನೆಯದಕ್ಕೆ ಪಾಯಿಂಟ್ ನೋಡುವವನು ಬಂದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದ. ಕಾಯಿ ಎದ್ದು ನಿಂತ ಕಡೆ ಒಂದು ಕಲ್ಲು ಇಟ್ಟರು. ರಾತ್ರಿ ಎಂಟಕ್ಕೆ ರಿಗ್ ಲಾರಿ ಬಂತು. ಬೋರು ಹಾಕಿಸುವುದು ಮದುವೆ ಇದ್ದ ಹಾಗೆ, ಕರೆಯದಿದ್ದರೂ ಊರು ಬರುತ್ತದೆ. ನಿಂಬೆಹಣ್ಣು ಕೊಯ್ದು ಪೂಜೆ ಮಾಡಿದರು. ದೊಡ್ಡಮ್ಮ ಎರಡು ಸಲ ಟೀ ಕಾಯಿಸಿ ಕಳಿಸಿದರು. ಆರುನೂರು ಅಡಿಯ ಹತ್ತಿರ ಧೂಳು ಸ್ವಲ್ಪ ಹಸಿಯಾಯಿತು. ಯಾರೋ ಅದನ್ನು ಕೈಯಲ್ಲಿ ಹಿಸುಕಿ ‘ಬಂತು ಬಂತು’ ಅಂದರು. ಆಮೇಲೆ ಮತ್ತೆ ಬಿಳಿ ಧೂಳು. ಮೈ, ಕೂದಲು, ಟೀ ಲೋಟ ಎಲ್ಲಾ ಬಿಳಿ. ಪ್ರತಿ ನೂರು ಅಡಿಗೂ ಲಾರಿಯವನು ಬಂದು ‘ಇನ್ನೂ ಬಿಡೋಣ್ವಾ?’ ಅಂತ ಕೇಳುತ್ತಿದ್ದ. ನಿಂತವರೆಲ್ಲ ದೊಡ್ಡಪ್ಪನ ಮುಖ ನೋಡುತ್ತಿದ್ದರು. ಅವರು ಲಾರಿ ಮೇಲೆ ಉಳಿದ ರಾಡುಗಳನ್ನು ಎಣಿಸುತ್ತಾ ‘ಬಿಡು’ ಅನ್ನುತ್ತಿದ್ದರು. ರಾಡು ಮುಗಿಯುವವರೆಗೂ ಬಿಟ್ಟರು. ಒಂದು ಚೊಂಬು ನೀರು ಬೀಳಲಿಲ್ಲ.

ಇದಕ್ಕೆ ಮನಃಶಾಸ್ತ್ರದಲ್ಲಿ ‘ಸಂಕ್ ಕಾಸ್ಟ್’ ಅನ್ನುವ ಹೆಸರಿದೆ. ಈಗಾಗಲೇ ಸುರಿದ ದುಡ್ಡು, ಶ್ರಮ ದಂಡವಾಗಬಾರದು ಅಂತ ಇನ್ನಷ್ಟು ಸುರಿಯುವುದು. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಅನ್ನುವವರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಓದಿದಾಗ ‘ಓ, ನಮ್ಮ ದೊಡ್ಡಪ್ಪನದೂ ಇದೇ’ ಅನಿಸಿತು. ಅಲ್ಲಿಗೇ ನಿಂತಿದ್ದರೆ ನಾನೂ ಚೀಟಿ ಬರೆದು ಮುಗಿಸುತ್ತಿದ್ದೆ. ಆದರೆ ಮಾರನೇ ಬೆಳಗ್ಗೆ ಹಲ್ಲುಜ್ಜುತ್ತಾ ದೊಡ್ಡಪ್ಪ ಒಂದು ಮಾತು ಹೇಳಿದ್ದರು. ‘ಅಷ್ಟು ಜನ ನಿಂತಿದ್ರು ಕಣೋ. ಸಾಕು ಅಂತ ನಾನಂದಿದ್ರೆ ಸೋತೋನು ನಾನಾಗ್ತಿದ್ದೆ. ರಾಡು ಮುಗೀತು. ಈಗ ಸೋತಿದ್ದು ಲಾರಿ.’

ಪುಸ್ತಕ ನನಗೆ ‘ಯಾಕೆ ನಿಲ್ಲಿಸಲಿಲ್ಲ?’ ಅನ್ನುವ ಪ್ರಶ್ನೆ ಕೊಟ್ಟಿತು. ಉತ್ತರ ಸಿಕ್ಕಿದ್ದು ಮಾತ್ರ ನೀರಿನ ತೊಟ್ಟಿಯ ಹತ್ತಿರ. ಪುಸ್ತಕ ಓದದಿದ್ದರೆ ಆ ಮಾತನ್ನು ನಾನು ಸುಮ್ನೆ ಕೇಳಿ ಬಿಟ್ಟುಬಿಡುತ್ತಿದ್ದೆನೋ ಏನೋ.

ನಿನ್ನ ರೈತ ನಾಲ್ಕು ಸೋಲಿನ ನಂತರ ಕೈಚೆಲ್ಲಿ ಕೂರುತ್ತಾನೆ. ಇದು ಎಲ್ಲಿಂದ ಬಂತು ಅಂತಲೂ ಗೊತ್ತು. 1967ರ ನಾಯಿಗಳ ಪ್ರಯೋಗ, ಸೆಲಿಗ್‌ಮನ್ ಮತ್ತು ಮೇಯರ್. ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಮುಂದೆ ದಾರಿ ಇದ್ದಾಗಲೂ ಹೆಚ್ಚಾಗಿ ಬಿದ್ದುಕೊಂಡೇ ಇದ್ದವು. ಸೋತು ಸೋತು ಸುಮ್ಮನಿರುವುದನ್ನು ಕಲಿತವು ಅಂದರು. ನಿನ್ನ ಪಠ್ಯದಲ್ಲಿ ಇದೆಯೋ ಇಲ್ಲವೋ, 2016ರಲ್ಲಿ ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ಸುಮ್ಮನೆ ಬಿದ್ದಿರುವುದು ಕಲಿತದ್ದಲ್ಲ, ದೀರ್ಘ ಕಷ್ಟಕ್ಕೆ ಮೆದುಳು ತಾನಾಗಿ ತೋರುವ ಪ್ರತಿಕ್ರಿಯೆ ಅದು. ‘ಇದು ನನ್ನ ಕೈಯಲ್ಲಿದೆ’ ಅನ್ನುವುದೇ ಕಲಿಯಬೇಕಾದದ್ದು ಅಂದರು. ಸುಮಾರು ಐವತ್ತು ವರ್ಷ ಆದಮೇಲೆ! ಅವರೇ ತಿದ್ದಿಕೊಂಡಿರುವಾಗ ನೀನೂ ಒಂದು ಪುಟ ತಿದ್ದಬಹುದು.

ನಾನೂ ಇಂಥದ್ದೇ ತಪ್ಪು ಮಾಡಿದವನು. 2001ರ ಫೆಬ್ರವರಿ 28ಕ್ಕೆ ಕೆ.ಜಿ.ಎಫ್. ಗಣಿ ಮುಚ್ಚಿತಲ್ಲ, ಆಮೇಲೆ ಒಬ್ಬ ಗಣಿ ಕೆಲಸಗಾರನ ಕಥೆ ಬರೆದೆ. ಆಗ ದುಃಖದ ಐದು ಹಂತ ಅಂತ ಎಲ್ಲರ ಬಾಯಲ್ಲೂ ಇತ್ತು. ಒಪ್ಪದಿರುವುದು, ಸಿಟ್ಟು, ಚೌಕಾಸಿ, ಕುಗ್ಗುವುದು, ಒಪ್ಪಿಕೊಳ್ಳುವುದು. ನನ್ನ ಕೆಲಸಗಾರ ಐದನ್ನೂ ವರಸೆಯಾಗಿ ಹತ್ತಿ ಇಳಿದ. ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಕೆಲಸ ಕಳೆದುಕೊಂಡವರಿಗಾಗಿ ಅಲ್ಲ. ಎಲ್ಲರೂ ಆ ಕ್ರಮದಲ್ಲೇ ಹೋಗುವುದೂ ಇಲ್ಲ. ಇದೆಲ್ಲ ನನಗೆ ತಡವಾಗಿ ಗೊತ್ತಾಯಿತು. ಅದಕ್ಕೂ ಮೊದಲೇ ಒಬ್ಬ ಹಳೇ ಗಣಿ ಕೆಲಸಗಾರ ಕಥೆ ಓದಿಸಿ ಕೇಳಿ ಹೇಳಿದ್ದ: ‘ಸಾರ್, ನಿಮ್ಮ ಕಥೇಲಿ ಎಲ್ಲಾ ಸಾಲಾಗಿ ನಿಂತಿದೆ. ನಾವು ರೇಷನ್ ಅಂಗಡೀಲೂ ಅಷ್ಟು ಸಾಲಾಗಿ ನಿಂತೋರಲ್ಲ.’ ಕೆಲಸ ಹೋಗಿ ವರ್ಷಗಳಾದರೂ ಬೆಳಗಿನ ಶಿಫ್ಟಿನ ಹೊತ್ತಿಗೆ ಅವನಿಗೆ ಎಚ್ಚರವಾಗುತ್ತಿತ್ತಂತೆ. ಎದ್ದು ಬೂಟು ಒರೆಸಿ ಇಟ್ಟು ಮತ್ತೆ ಮಲಗುತ್ತಿದ್ದನಂತೆ. ನನ್ನ ಕಥೆಯಲ್ಲಿ ಬೂಟೇ ಇರಲಿಲ್ಲ.

ಇನ್ನು ಟೊಮೆಟೊ ಮಂಡಿಯ ದೃಶ್ಯ. ನಿನ್ನ ರೈತ ಹರಾಜಿನ ನಡುವೆ ಕುಸಿದು ಬೀಳುತ್ತಾನೆ, ಯಾರೂ ಮುಂದೆ ಬರುವುದಿಲ್ಲ, ‘ಮಾನವೀಯತೆ ಸತ್ತಿತ್ತು’ ಅಂತ ಬರೆದಿದ್ದೀಯ. ಸತ್ತಿರಲಿಲ್ಲಪ್ಪ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಒಂದು ಪರೀಕ್ಷೆ ಮಾಡಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಸದ್ದು ಇಂಟರ್‌ಕಾಮಿನಲ್ಲಿ ಕೇಳಿಸಿದರು. ಕೇಳಿಸಿಕೊಂಡದ್ದು ತಾನೊಬ್ಬನೇ ಅಂತ ನಂಬಿದವರಲ್ಲಿ, ಆ ಸದ್ದು ಮುಗಿಯುವುದರೊಳಗೆ ನೂರಕ್ಕೆ 85 ಜನ ಎದ್ದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂತ ನಂಬಿದವರಲ್ಲಿ ಎದ್ದದ್ದು 31. ಎದ್ದು ಹೋಗದವರು ಕಲ್ಲು ಮನಸ್ಸಿನವರಾಗಿರಲಿಲ್ಲ. ಅವರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು. ‘ಇನ್ಯಾರಾದರೂ ನೋಡಿಕೊಂಡಿರುತ್ತಾರೆ’ ಅನ್ನುವ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದರು, ಅಷ್ಟೇ.

ಆ ಪರೀಕ್ಷೆಗೆ ಕಾರಣವಾದದ್ದು 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಿಟ್ಟಿ ಜಿನೊವೀಸ್ ಕೊಲೆ. 38 ಜನ ನೋಡುತ್ತಾ ನಿಂತಿದ್ದರು ಅಂತ ಪತ್ರಿಕೆ ಬರೆಯಿತು. ಅದು ಬಹಳ ಉಬ್ಬಿಸಿದ ವರದಿ ಅಂತ ಆಮೇಲೆ ತಿಳಿಯಿತು. ಆದರೂ ಲೋಕ ಇವತ್ತಿಗೂ 38 ಅಂತಲೇ ಹೇಳುತ್ತದೆ. ಕಥೆ ಚೆನ್ನಾಗಿದ್ದರೆ ಸುಳ್ಳು ಎಷ್ಟು ದೂರ ನಡೆಯುತ್ತದೆ ನೋಡು. ನಮ್ಮ ಕಸುಬಿಗೆ ಇದು ಸ್ವಲ್ಪ ಹೆದರಿಕೆಯ ವಿಷಯವೇ.

ಹಾಗಾಗಿ ಒಂದು ಬೆಳಗ್ಗೆ ಮಂಡಿಗೆ ಹೋಗಿ ನಿಲ್ಲು. ಬಾಕ್ಸ್ ಹೊರುವ ಹಮಾಲಿ ಏನು ಮಾಡುತ್ತಾನೆ, ಬಿಲ್ ಬರೆಯುವ ಹುಡುಗ ತಲೆ ಎತ್ತುತ್ತಾನಾ, ಎತ್ತಿದರೆ ಯಾರ ಮುಖ ನೋಡುತ್ತಾನೆ, ಗಮನಿಸು.

ಇನ್ನೊಂದು ಚಿಕ್ಕ ವಿಷಯ. ನಿನ್ನ ಕಥೆಯ ತಾಯಿ ಮಗನನ್ನು ಪುಸ್ತಕದ ಕನ್ನಡದಲ್ಲಿ ಬೈಯುತ್ತಾಳೆ. ನಿಮ್ಮ ಮನೆಯಲ್ಲಿ ತೆಲುಗು ತಾನೇ? ಟರ್ಕಿ ಭಾಷೆಯನ್ನು ಮನೆಯಲ್ಲಿ ಕಲಿತು, ಆಮೇಲೆ ಇಂಗ್ಲಿಷ್ ಕಲಿತವರ ಚರ್ಮದ ಮೇಲೆ ಉಪಕರಣ ಇಟ್ಟು 2003ರಲ್ಲಿ ಕೆಲವರು ಅಳೆದರು. ಬಾಲ್ಯದ ಬೈಗುಳ ತಾಯಿಭಾಷೆಯಲ್ಲಿ ಬಿದ್ದಾಗ ಮೈ ಜಾಸ್ತಿ ಬೆವರಿತು. ಆ ತಾಯಿಗೆ ಅವಳ ಮಾತು ಕೊಡು. ‘ಅನ್ನಂ ತಿನ್ನಾವಾ’ ಅಂದರೆ ಈ ಜಿಲ್ಲೆಯ ಕನ್ನಡ ಓದುಗನಿಗೆ ಅಡಿಟಿಪ್ಪಣಿ ಬೇಕಾಗಿಲ್ಲ.

ಕೊನೆಗೆ ನಿನ್ನ ರೈತನ ಆತ್ಮಹತ್ಯೆಯ ವಿಷಯ. ಇಲ್ಲಿ ನಾನು ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ. ಅವನು ಹೇಗೆ ಸತ್ತ ಅನ್ನುವ ವಿವರ ಪೂರ್ತಿ ತೆಗೆ. ಸಾಹಿತ್ಯದ ಮಾತಲ್ಲ ಇದು. ಆತ್ಮಹತ್ಯೆಯ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬಂದ ಬೆನ್ನಿಗೆ ಆತ್ಮಹತ್ಯೆಗಳು ಏರುತ್ತವೆ ಅಂತ ಡೇವಿಡ್ ಫಿಲಿಪ್ಸ್ 1974ರಲ್ಲೇ ತೋರಿಸಿದ್ದಾರೆ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಇನ್ನೊಂದು ಮಗ್ಗುಲು ನೋಡಿದರು. ಸಾಯಬೇಕು ಅನಿಸಿದವರು ಆ ಗಳಿಗೆ ದಾಟಿ ಬಂದ ಬಗೆಯನ್ನು ಬರೆದ ಕಡೆ ಆ ಏರಿಕೆ ಕಾಣಲಿಲ್ಲ, ಇಳಿಕೆಯೇ ಕಂಡಿತು. ನಿನ್ನ ಕಥೆ ಓದುವವರಲ್ಲಿ ಬೋರು ಸೋತ ಮನೆಯವರೂ ಇರುತ್ತಾರೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಅದನ್ನು ಕಥೆಯೊಳಗೆ ತುರುಕು ಅನ್ನುತ್ತಿಲ್ಲ. ನಿನ್ನ ಫೋನಿನಲ್ಲಿ ಇಟ್ಟುಕೊಂಡಿರು. ರೈತರ ಕಥೆ ಬರೆಯುವವನಿಗೆ ರಾತ್ರಿ ಹೊತ್ತು ಫೋನುಗಳು ಬರುತ್ತವೆ. ನನಗೆ ಬಂದಿವೆ.

ಮಾವಿನ ಸುಗ್ಗಿ ಮುಗಿಯುವುದರೊಳಗೆ ಒಂದು ಭಾನುವಾರ ಬಾ. ಬರುವಾಗ ಇದೇ ಕಥೆಯನ್ನು ತಿದ್ದಿ ತಾ, ಹೊಸದು ಬೇಡ. ರಿಗ್ ಲಾರಿ ವಾಪಸ್ಸು ಹೋದ ಮೇಲೆ ಅವನ ಹೆಂಡತಿ ಏನು ಮಾಡಿದಳು ಅಂತ ನೀನು ಬರೆದೇ ಇಲ್ಲ. ನಮ್ಮ ದೊಡ್ಡಮ್ಮ ಆ ರಾತ್ರಿ ಅಷ್ಟೂ ಟೀ ಲೋಟಗಳನ್ನು ಎರಡೆರಡು ಸಲ ತೊಳೆದರು. ನಿನ್ನ ಕಥೆಯವಳು ಏನು ಮಾಡಿದಳು? ಮೊದಲು ಅದನ್ನು ಬರಿ.

ಇಂತಿ,
ನಿನ್ನ ಅಣ್ಣ